ಕೆಂಪಣ್ಣನ ಕೈ ವಾಸಿಯಾದ ಚಳಿಗಾಲ

ರೇಷ್ಮೆ ಇಲಾಖೆಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಹುಳು, ಸೊಪ್ಪು, ಮೊಟ್ಟೆಗಳ ಉಸಾಬರಿ ಬೇರೆಯವರದು. ಗೂಡಿನಿಂದ ನೂಲು ಬಿಚ್ಚುವ ಯಂತ್ರ ಕೆಟ್ಟರೆ ಸರಿ ಮಾಡುವುದು, ಹೊಸದು ಬಂದರೆ ಜೋಡಿಸಿ ತೋರಿಸುವುದು ನನ್ನ ಕೆಲಸ. ಹುಟ್ಟಿದ್ದು ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದಲ್ಲಿ, ದುಡಿದದ್ದು ಕನಕಪುರ, ರಾಮನಗರ, ಮಾಗಡಿಗಳಲ್ಲಿ. ಅದರಾಚೆ ಸರ್ಕಾರ ನನ್ನನ್ನು ಕಳಿಸಲಿಲ್ಲ, ನಾನೂ ಕೇಳಲಿಲ್ಲ.

ಈಚೆಗೆ ನನ್ನ ತಂಗಿಯ ಮಗಳು ಸವಿತಾಗೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಮೊದಲ ವಾರ ನೂಲು ಬಿಚ್ಚುವ ಮನೆಗಳನ್ನೆಲ್ಲ ಸುತ್ತಿ ಬಂದವಳು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಒಂದು ಮಾತು ಕೇಳಿದಳು. ಗೂಡಿನ ಹರಾಜು ಫೋನಿಗೆ ಬಂದಿದೆ, ತಕ್ಕಡಿ ಹೋಗಿ ಕರೆಂಟಿನ ತೂಕ ಬಂದಿದೆ, ಹುಳುವಿನ ತಳಿ ಎಷ್ಟೋ ಸಲ ಬದಲಾಗಿದೆ. ಆದರೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೆಂಗಸರು ಬಿಸಿನೀರಿಗೆ ಬೆರಳು ಹಾಕಿಯೇ ಎಳೆ ತೆಗೆಯುತ್ತಾರಲ್ಲ, ಯಾಕೆ? "ನೀವು ಇಷ್ಟು ವರ್ಷ ಇದ್ರಲ್ಲ ಮಾವ, ಅದೊಂದನ್ನ ಯಾಕೆ ಹಂಗೇ ಬಿಟ್ರಿ?" ಎಂದಳು.

ಇಡ್ಲಿ ಆರುತ್ತಿತ್ತು. ಅದಕ್ಕೆ ಉತ್ತರ ಕೊಡಬೇಕಾದರೆ ಕೆಂಪಣ್ಣನ ವಿಷಯ ಹೇಳಬೇಕಿತ್ತು. ಹೋಟೆಲಿನಲ್ಲಿ ಕೂತು ಹೇಳುವಂಥದ್ದಲ್ಲ ಅದು. ಹಾಗಾಗಿ ಅವಳಿಗೂ, ಅವಳ ಜೊತೆ ಹೊಸದಾಗಿ ಸೇರಿದವರಿಗೂ ಆಗಲಿ ಎಂದು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ರೇಷ್ಮೆಗೆ ಏರುಗಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಹಿಪ್ಪುನೇರಳೆ. ರಾಮನಗರದ ಬಸ್ಸು ಹತ್ತಿದರೆ ಸೀಟಿನ ಕೆಳಗೆ ಗೂಡಿನ ಮೂಟೆ, ಕಾಲಿಡಲು ಜಾಗವಿಲ್ಲ. ನನ್ನನ್ನು ಮೊದಲು ಹಾಕಿದ್ದು ಕನಕಪುರಕ್ಕೆ. ಅಲ್ಲಿ ಮಹದೇವಪ್ಪ ಎಂಬ ವ್ಯಾಪಾರಸ್ಥರು ಸಾಲಾಗಿ ಚರಕಗಳನ್ನಿಟ್ಟು ನೂಲು ಬಿಚ್ಚಿಸುತ್ತಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಬಾಗಿಲ ಬಳಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ಚರಕ ನೋಡದವರಿಗಾಗಿ ಹೇಳುತ್ತೇನೆ. ಒಲೆಯ ಮೇಲೆ ಬಾಣಲಿ, ಅದರಲ್ಲಿ ಕುದಿಯುವ ನೀರು, ನೀರಿನಲ್ಲಿ ಗೂಡು. ಗೂಡು ಬೆಂದು ಅಂಟು ಬಿಟ್ಟಾಗ ಒಬ್ಬರು ಬೆರಳಿನಲ್ಲಿ ಎಳೆ ಹುಡುಕಿ, ಕೆಲವು ಎಳೆಗಳನ್ನು ಸೇರಿಸಿ ಮೇಲಕ್ಕೆ ಕೊಡಬೇಕು. ಇನ್ನೊಬ್ಬರು ಆಚೆ ನಿಂತು ರಾಟೆ ತಿರುಗಿಸಿ ನೂಲನ್ನು ಸುತ್ತಬೇಕು. ಮಹದೇವಪ್ಪನವರ ಮೊದಲನೆಯ ಚರಕದಲ್ಲಿ ಬಾಣಲಿಯ ಮುಂದೆ ಕೂರುತ್ತಿದ್ದವನು ಕೆಂಪಣ್ಣ, ರಾಟೆ ತಿರುಗಿಸುತ್ತಿದ್ದವಳು ಅವನ ಹೆಂಡತಿ ಜಯಮ್ಮ. ಕೆಂಪಣ್ಣನ ಅಣ್ಣಂದಿರು ಊರಿನಲ್ಲಿ ಕುರಿ ಸಾಕಿಕೊಂಡಿದ್ದರು. ಇವನಿಗೆ ಕುರಿ ಹಿಂದೆ ಅಲೆಯುವುದು ಬೇಡವಾಗಿ ಹೆಂಡತಿಯನ್ನು ಕಟ್ಟಿಕೊಂಡು ಪೇಟೆಗೆ ಬಂದಿದ್ದ. ಗಂಡ ಎಳೆ ಕೊಡುವ ಲಯಕ್ಕೆ ಹೆಂಡತಿಯ ರಾಟೆ ಕೂಡಿಕೊಳ್ಳುತ್ತಿತ್ತು. ಎಳೆ ಕಡಿದರೆ ಅವನು ಬಾಯಿ ಬಿಡುವ ಮೊದಲೇ ಅವಳು ನಿಲ್ಲಿಸುತ್ತಿದ್ದಳು.

ಮೊದಲ ದಿನ ಅವನ ಜೊತೆ ಊಟಕ್ಕೆ ಕೂತಾಗ ಒಂದು ವಿಚಿತ್ರ ಕಂಡೆ. ಕೆಂಪಣ್ಣ ಮುದ್ದೆಯನ್ನು ಚಮಚದಲ್ಲಿ ಮುರಿದು ತಿನ್ನುತ್ತಿದ್ದ. ನಮ್ಮ ಸೀಮೆಯಲ್ಲಿ ಚಮಚದಲ್ಲಿ ಮುದ್ದೆ ತಿನ್ನುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ; ನಕ್ಕೆ. ಅವನೇನೂ ಬೇಸರ ಮಾಡಿಕೊಳ್ಳದೆ ಎರಡೂ ಕೈ ಮುಂದೆ ಹಿಡಿದ. ಬೆರಳ ತುದಿ ಬೆಂದು ಬೆಂದು ಗಟ್ಟಿಯಾಗಿ, ಬಿಳಿಚಿಕೊಂಡು, ಗೆರೆಗಳೇ ಅಳಿಸಿಹೋಗಿದ್ದವು. ಬೆರಳ ಸಂದುಗಳಲ್ಲಿ ಮಾತ್ರ ಕೆಂಪಗೆ ಬಿರುಕು, ಕೀವು. ಸಾರಿನ ಖಾರ ಅಲ್ಲಿಗೆ ತಾಗಿದರೆ ಉರಿ.

"ಕೈ ಅಲ್ಲ ಸಾರ್ ಇದು, ಸೌಟು," ಎಂದ. "ತುದೀಗೆ ಬಿಸಿ ಗೊತ್ತಾಗಕಿಲ್ಲ. ಸಂದು ಮಾತ್ರ ಒಸಿ ಸುಡ್ತದೆ."

ಆ ವರ್ಷವೇ ಮೋಟಾರ್ ಬಂತು. ಹಿಟ್ಟಿನ ಗಿರಣಿಗೆ ಹಾಕುವಂಥದ್ದೇ ಮೋಟಾರು, ಒಂದು ಬೆಲ್ಟು, ಉದ್ದನೆಯ ಒಂದು ಸರಳು. ಸಾಲಿನ ರಾಟೆಗಳೆಲ್ಲ ಒಟ್ಟಿಗೇ ತಿರುಗುತ್ತಿದ್ದವು. ಮಹದೇವಪ್ಪನವರಲ್ಲಿ ನಾನೇ ಜೋಡಿಸಿದೆ. ಮಳೆಗಾಲ ಮುಗಿಯುವುದರೊಳಗೆ ಆ ಬೀದಿಯಲ್ಲಿ ಕೈಯಲ್ಲಿ ತಿರುಗುವ ರಾಟೆ ಉಳಿಯಲಿಲ್ಲ. ನನ್ನನ್ನು ಕರೆಯಲು ಮನೆ ಬಾಗಿಲಿಗೇ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನೇನೋ ಬದಲಾಯಿಸಿಬಿಟ್ಟೆ ಎಂದು ಬೀಗಿದ್ದುಂಟು. ಈಗ ಯೋಚಿಸಿದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ರಾಟೆಗೆ ತನ್ನನ್ನು ಯಾರು ತಿರುಗಿಸಿದರೂ ಒಂದೇ. ಗೂಡು ಬದಲಾಗಬೇಕಿರಲಿಲ್ಲ, ಮಾರುಕಟ್ಟೆ ಬದಲಾಗಬೇಕಿರಲಿಲ್ಲ, ರೈತನನ್ನು ಒಂದು ಮಾತು ಕೇಳಬೇಕಿರಲಿಲ್ಲ. ಕೆಟ್ಟರೆ ಗಿರಣಿಯ ಮೋಟಾರು ರಿಪೇರಿ ಮಾಡುವವನೇ ಇದನ್ನೂ ಮಾಡುತ್ತಿದ್ದ.

ಜಯಮ್ಮನ ತೋಳಿಗೆ ಬಿಡುವು ಸಿಕ್ಕಿತು. ಹಾಗೆಯೇ ಕೆಲಸವೂ ಹೋಯಿತು. ಅವಳು ಬೇರೆಯವರ ತೋಟಗಳಿಗೆ ಸೊಪ್ಪು ಕೊಯ್ಯಲು ಹೋಗತೊಡಗಿದಳು. ಅವಳ ಜಾಗದಲ್ಲಿ ಸರಳು ಗರಗರ ತಿರುಗುತ್ತಿತ್ತು. ಎಳೆ ಕಡಿದಾಗ ಅದು ತಾನಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಕೆಂಪಣ್ಣನ ಬೆರಳು ಮೊದಲಿಗಿಂತ ಬೇಗ ಬೇಗ ನೀರಿಗೆ ಇಳಿಯಬೇಕಾಯಿತು. ಮೋಟಾರಿನಿಂದ ನೂಲು ಹೆಚ್ಚಾಯಿತು, ಅವನ ಕೈಯ ಬಿರುಕೂ ಹೆಚ್ಚಾಯಿತು.

ಆಗ ನಮ್ಮ ಮೇಲಧಿಕಾರಿ ಗಂಗಾಧರಯ್ಯ ಎಂಬವರು. ಬಿಳಿ ಅಂಗಿ, ಜೇಬಿನಲ್ಲಿ ನಶ್ಯದ ಡಬ್ಬಿ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರೇ ಹೊರತು ಕೂಗುತ್ತಿರಲಿಲ್ಲ. ಅವರಿಗೆ ಕೆಂಪಣ್ಣನ ಕೈಯ ವಿಷಯ ಹೇಳಿದಾಗ, ಮರುಕಪಟ್ಟು ಸುಮ್ಮನಾಗುವ ಬದಲು, ಏನಾದರೂ ಮಾಡಿ ನೋಡು, ಸಾಮಾನು ನಾನು ಕೊಡಿಸುತ್ತೇನೆ ಎಂದರು.

ನಾನು ಮಾಡಿದ್ದು ದೊಡ್ಡ ಯಂತ್ರವೇನಲ್ಲ. ಬೇರೆ ಕಡೆ ಇಂಥದ್ದು ಇದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಗೂಡು ಬೇಯಿಸುವ ಬಾಣಲಿ ಬೇರೆ, ನೂಲು ಬಿಚ್ಚುವ ತೊಟ್ಟಿ ಬೇರೆ ಮಾಡಿದೆ. ಬಾಣಲಿಯ ಮೇಲೆ ಭತ್ತದ ಹುಲ್ಲಿನ ಒಂದು ಕುಂಚ. ಸೈಕಲ್ಲಿನ ಚೈನು ಅದನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಗೂಡಿನ ಮೇಲೆ ಕುಂಚ ಸವರಿದಾಗ ಎಳೆಗಳು ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿದ್ದವು. ಆಮೇಲೆ ಗೂಡುಗಳನ್ನು ತೂತಿನ ಸೌಟಿನಲ್ಲಿ ಎತ್ತಿ ತೊಟ್ಟಿಗೆ ಹಾಕಿದರಾಯಿತು. ತೊಟ್ಟಿಯಲ್ಲಿ ಸ್ನಾನದ ನೀರಿನಷ್ಟೇ ಬಿಸಿ.

ಮೊದಲ ಪ್ರದರ್ಶನ ನಮ್ಮ ಕೇಂದ್ರದಲ್ಲೇ ಆಯಿತು. ಬೆಂಗಳೂರಿನಿಂದ ದೊಡ್ಡವರು ಬಂದಿದ್ದರು. ಮರ್ಯಾದೆ ಹೋಗಬಾರದೆಂದು ನಾವು ಹಿಂದಿನ ದಿನ ಕೂತು ಒಂದೇ ಗಾತ್ರದ, ಒಂದೇ ಬಣ್ಣದ ಒಳ್ಳೆಯ ಗೂಡುಗಳನ್ನು ಆರಿಸಿಟ್ಟಿದ್ದೆವು. ಕುಂಚ ತಿರುಗಿತು, ಎಳೆ ಬಂತು, ಬಂದವರು ಚಪ್ಪಾಳೆ ತಟ್ಟಿದರು. ಹೊಸಬರಿಗೆ ಒಂದು ಮಾತು: ಆರಿಸಿದ ಗೂಡಿನಲ್ಲಿ ಯಾವ ಯಂತ್ರವೂ ಓಡುತ್ತದೆ.

ಮರುವಾರ ಮಹದೇವಪ್ಪನವರಲ್ಲಿ ಮಾರುಕಟ್ಟೆಯ ಗೂಡು ಹಾಕಿದಾಗ ನಿಜ ಗೊತ್ತಾಯಿತು. ಅವತ್ತಿನ ಲಾಟಿನಲ್ಲಿ ಹಳದಿ ಗೂಡು, ಅದರಲ್ಲೂ ಎಷ್ಟೋ ರೈತರ ಮನೆಯದು. ದಪ್ಪ, ತೆಳು, ಕಲೆ ಬಿದ್ದದ್ದು, ಮಳೆಯಲ್ಲಿ ನೆಂದದ್ದು ಎಲ್ಲ ಒಟ್ಟಿಗೆ. ತೆಳುಗೂಡು ಬೆಂದು ಕರಗಿಹೋಗುವಾಗ ದಪ್ಪ ಗೂಡು ಇನ್ನೂ ಹಸಿ. ಕುಂಚಕ್ಕೆ ಇದು ಬೇರೆ, ಅದು ಬೇರೆ ಎಂದು ಗೊತ್ತಿಲ್ಲ. ಎಲ್ಲವನ್ನೂ ಒಂದೇ ಸಮ ಕೆರೆಯಿತು. ಕೊನೆಗೆ ನೂಲಿಗಿಂತ ವೇಸ್ಟೇ ಹೆಚ್ಚಾಯಿತು. ಬೆರಳಾದರೆ ಮುಟ್ಟಿದ ಕೂಡಲೇ ತಿಳಿದುಕೊಂಡು, ಬೆಂದದ್ದನ್ನು ಮೊದಲು ತೆಗೆದು ಬೇಯದ್ದನ್ನು ಒಳಕ್ಕೆ ತಳ್ಳುತ್ತದೆ.

ಮಹದೇವಪ್ಪನವರು ನಷ್ಟವಾದರೂ ಕೆಲವು ವಾರ ಪ್ರಯತ್ನ ಬಿಡಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಸಿದ್ದರಾಜು ಅವ್ರೇ, ನಿಮ್ ಮಿಷನ್ ಸರಿಯಾಗೇ ಇದೆ. ಅದಕ್ಕೆ ತಕ್ಕ ಗೂಡು ಎಲ್ಲಿದೆ ಹೇಳಿ, ತರ್ತೀನಿ," ಎಂದರು.

ಗೂಡು ಹುಡುಕಿಕೊಂಡು ನಾನು ಮಾಗಡಿ ಕಡೆ ಹೋದೆ. ಫಿಟ್ಟರ್ ಆದವನು ರೈತರ ಹುಳುಮನೆಗೆ ಹೋದದ್ದು ಅದೇ ಮೊದಲು. ಕುದೂರಿನ ಬಸ್ಸಿನ ಟಾಪಿನ ಮೇಲೆ ಹಿಪ್ಪುನೇರಳೆ ಕಡ್ಡಿಯ ಕಟ್ಟುಗಳನ್ನು ಪೇರಿಸಿದ್ದರು. ಹೊಸ ತಳಿ, ಎಲೆ ಅಗಲ. ಕೇಳಿದರೆ, ಯಾರೋ ನೆಂಟರ ಮನೆಯಲ್ಲಿ ಒಂದು ಸಾಲು ನೆಟ್ಟಿದ್ದರಂತೆ, ಚೆನ್ನಾಗಿ ಬಂದಿತಂತೆ, ಇವರೂ ಒಯ್ಯುತ್ತಿದ್ದರು. ನಮ್ಮ ಇಲಾಖೆಯವರು ಆ ತಳಿಯ ಬಗ್ಗೆ ಸಭೆ ಕರೆಯುವ ಹೊತ್ತಿಗೆ ಅರ್ಧ ತಾಲೂಕು ನೆಟ್ಟಾಗಿತ್ತು. ಒಂದು ಸಾಲು ನೆಡಲು ಯಾರ ಅಪ್ಪಣೆ ಬೇಕು? ಕೆಟ್ಟರೆ ಒಂದು ಸಾಲು ಕಿತ್ತು ಹಾಕಿದರಾಯಿತು. ನನ್ನ ಕುಂಚವನ್ನು ಹಾಗೆ ಬಸ್ಸಿನ ಮೇಲೆ ಹಾಕಿ ಕಳಿಸಲು ಆಗುತ್ತಿರಲಿಲ್ಲ. ಅದು ಓಡಬೇಕಾದರೆ ರೈತ, ಮಾರುಕಟ್ಟೆ, ಮಾಲೀಕ ಎಲ್ಲರೂ ಒಂದೇ ದಿನ ಹೂಂ ಅನ್ನಬೇಕಿತ್ತು.

ಕುದೂರಿನ ಹತ್ತಿರ ನಂಜೇಗೌಡ ಎಂಬ ರೈತ ಹಿಂದೆ ಬಿಳಿ ಗೂಡು ಬೆಳೆದು ಬಿಟ್ಟವನು ಎಂದು ತಿಳಿದು ಅವನಲ್ಲಿಗೆ ಹೋದೆ. ಬಿಳಿ ಗೂಡು ಎಂದರೆ ದ್ವಿತಳಿ. ಒಂದೇ ಸಮ ಇರುತ್ತದೆ, ಎಳೆ ಉದ್ದ. ಆದರೆ ಆ ಹುಳುವಿಗೆ ಸೆಕೆ ಆಗದು, ಬಾಡಿದ ಸೊಪ್ಪು ಆಗದು. ಯಾಕೆ ಬಿಟ್ಟೆ ಎಂದು ಕೇಳಿದೆ.

"ಅದನ್ನ ಸಾಕೋದು ಹಸುಗೂಸು ಸಾಕ್ದಂಗೆ ಸಾರ್," ಎಂದ ನಂಜೇಗೌಡ. "ಸಾಕ್ಬುಟ್ಟು ಮಾರ್ಕೆಟ್ಟಿಗೆ ಒಯ್ದರೆ ಹಳದಿಗೂ ಇದಕ್ಕೂ ಒಂದೇ ಕೂಗು. ಕೊಳ್ಳೋರು ಕೈಯಲ್ಲಿ ಬಿಚ್ಚೋರು, ಅವರಿಗೆ ಎಂಥ ಗೂಡಾದರೂ ನಡೀತದೆ. ಇನ್ನ ನಾನ್ಯಾಕೆ ನಿದ್ದೆಗೆಡಲಿ?"

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಸಂಗತಿ ಪೂರ್ತಿ ಅರ್ಥವಾಯಿತು. ಒಳ್ಳೆಯ ಗೂಡಿಲ್ಲ ಎಂದು ಮಾಲೀಕ ಯಂತ್ರ ಇಡುವುದಿಲ್ಲ. ಯಂತ್ರವಿಲ್ಲದ್ದರಿಂದ ಒಳ್ಳೆಯ ಗೂಡಿಗೆ ಬೇರೆ ಬೆಲೆ ಇಲ್ಲ. ಬೆಲೆ ಇಲ್ಲವೆಂದು ರೈತ ಒಳ್ಳೆಯ ಗೂಡು ಬೆಳೆಯುವುದಿಲ್ಲ. ಮೂವರ ಮಾತೂ ನ್ಯಾಯವೇ. ಮೂವರ ಮಧ್ಯೆ ಬಾಣಲಿಯಲ್ಲಿ ಕೆಂಪಣ್ಣನ ಕೈ. ಎಲ್ಲ ಕೊರತೆಯನ್ನೂ ಆ ಕೈ ತುಂಬಿಕೊಡುತ್ತಿದ್ದುದರಿಂದ ಯಾರೂ ಏನನ್ನೂ ಬದಲಾಯಿಸಬೇಕಾಗಿರಲಿಲ್ಲ.

ಗಂಗಾಧರಯ್ಯನವರು ಇದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾವೇ ಜೀಪು ಹತ್ತಿ ಕುದೂರಿಗೆ ಹೋದರು. ನಂಜೇಗೌಡನೂ ಅವನ ಊರಿನ ಕೆಲವರೂ ಒಂದು ಚಳಿಗಾಲ ಬಿಳಿ ಗೂಡು ಬೆಳೆಯುವುದು, ಅವರ ಗೂಡೆಲ್ಲ ಗೊತ್ತಾದ ದಿನ ರಾಮನಗರದ ಮಾರುಕಟ್ಟೆಗೆ ಬಂದು ಒಂದೇ ಸಾಲಿನಲ್ಲಿ ಕೂರುವುದು, ಮಹದೇವಪ್ಪನವರು ಅವತ್ತು ಬಂದು ಏರಿಸಿ ಕೂಗುವುದು ಎಂದು ಒಪ್ಪಂದ ಆಯಿತು. ಕಾಗದವಿಲ್ಲ, ಬರೀ ಬಾಯಿಮಾತು. ಆದರೂ ಎಲ್ಲರೂ ನಡೆಸಿಕೊಟ್ಟರು.

ಆ ಚಳಿಗಾಲ ಕುಂಚ ಓಡಿತು. ಗೂಡು ಒಂದೇ ಸಮ ಬೇಯುತ್ತಿತ್ತು, ಎಳೆ ಹೂವಿನ ಹಾಗೆ ಏಳುತ್ತಿತ್ತು. ಮಹದೇವಪ್ಪನವರು ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ನಗುತ್ತಿದ್ದರು. ಮೊದಮೊದಲು ಕೆಂಪಣ್ಣ ಅಭ್ಯಾಸಬಲದಿಂದ ಬಾಣಲಿಗೇ ಕೈ ಹಾಕಲು ಹೋಗುತ್ತಿದ್ದ, ನಾನು ಗದರುತ್ತಿದ್ದೆ. ಬರಬರುತ್ತ ಬಿಟ್ಟ. ಸಂದಿನ ಗಾಯ ಒಣಗಿತು. ಬೆರಳ ತುದಿಯ ಗಟ್ಟಿ ಚರ್ಮ ಹಕ್ಕಳೆ ಹಕ್ಕಳೆಯಾಗಿ ಉದುರಿ ಕೆಳಗಿನಿಂದ ಹೊಸ ಚರ್ಮ ಬಂತು. ಸಂಕ್ರಾಂತಿಯ ಹೊತ್ತಿಗೆ ಅವನು ಮುದ್ದೆಯನ್ನು ಕೈಯಲ್ಲಿ ಮುರಿದು, ಉಪ್ಪುಸಾರಿನ ಖಾರದಲ್ಲಿ ಅದ್ದಿ ತಿನ್ನುವುದನ್ನು ನೋಡಿದೆ. ಜಯಮ್ಮ ಎದುರಿಗೆ ಕೂತು ತಾನು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದಳು. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಸಂಬಳ ನನಗೆ ಬಂದಿಲ್ಲ.

ಅಕ್ಕಪಕ್ಕದ ಮಾಲೀಕರು ಬಂದು ನೋಡಿ ಹೋದರು. ನಮಗೂ ಮಾಡಿಕೊಡಿ ಎಂದು ಇಬ್ಬರು ಕೇಳಿದರು. ಗೂಡಿಗೆ ಏನು ಮಾಡುತ್ತೀರಿ ಎಂದರೆ, ಮಾರುಕಟ್ಟೆಯಲ್ಲಿ ಸಿಕ್ಕಿದ್ದೇ ಎಂದರು. ಮುಂದಿನ ವರ್ಷ ಇನ್ನಷ್ಟು ಊರುಗಳನ್ನು ಸೇರಿಸೋಣ ಎಂದು ಗಂಗಾಧರಯ್ಯನವರು ಲೆಕ್ಕ ಹಾಕುತ್ತಿದ್ದರು.

ಶಿವರಾತ್ರಿ ಕಳೆಯುತ್ತಿದ್ದಂತೆ ಆ ವರ್ಷ ಬಿಸಿಲು ಒಮ್ಮೆಲೇ ಏರಿತು. ಕುದೂರಿನಲ್ಲಿ ಬಿಳಿ ಹುಳುಗಳು ಕೊನೆಯ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಕಪ್ಪಾಗಿ ಸಾಯತೊಡಗಿದವು. ನಂಜೇಗೌಡನ ಹುಳುಮನೆಗೆ ನಾನು ಹೋದಾಗ ಬಾಗಿಲಲ್ಲೇ ನಾತ. ಅವನು ತಟ್ಟೆ ತಟ್ಟೆ ಹುಳುವನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚುತ್ತಿದ್ದ. ಕೈ ತೊಳೆದುಕೊಂಡು ಬಂದು ಮಜ್ಜಿಗೆ ಕೊಟ್ಟ. ಮುಂದಿನ ಬೆಳೆಗೆ ಹಳದಿಯೇ ತಂದೆ ಸಾರ್ ಎಂದ. ಬೇಡ ಎನ್ನಲು ನನಗೆ ಯಾವ ಬಾಯಿ?

ಅದೇ ಹೊತ್ತಿಗೆ ಗಂಗಾಧರಯ್ಯನವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಕೆಟ್ಟವರಲ್ಲ. ಅವರಿಗೆ ಮೇಲಿನಿಂದ ಕೇಳುತ್ತಿದ್ದುದು ಎಷ್ಟು ಮೋಟಾರು ಕೂರಿಸಿದಿರಿ ಎಂದು. ಕುದೂರಿನವರನ್ನು ಮತ್ತೆ ಒಪ್ಪಿಸುವುದು, ಮಾರುಕಟ್ಟೆಯಲ್ಲಿ ಒಂದು ಸಾಲು ಬಿಡಿಸುವುದು, ಇದನ್ನೆಲ್ಲ ಯಾವ ತಲೆಬರಹದ ಕೆಳಗೆ ತೋರಿಸುವುದು ಎಂದು ನನ್ನನ್ನೇ ಕೇಳಿದರು. ಚಳಿಗಾಲ ಬರಲಿ ನೋಡೋಣ ಎಂದರು. ಆ ಚಳಿಗಾಲದಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಮಹದೇವಪ್ಪನವರ ಅಂಗಳಕ್ಕೆ ಮತ್ತೆ ಬೆರಕೆ ಗೂಡು ಬಂತು. ಕುಂಚ ಬಿಚ್ಚಿ ಗೋಡೆಗೆ ಒರಗಿಸಿದರು, ಹಳೆಯ ಬಾಣಲಿಗೆ ಒಲೆ ಹಚ್ಚಿದರು. ಕೆಂಪಣ್ಣ ಹಳೆಯ ಜಾಗದಲ್ಲಿ ಕೂತು, ಎಷ್ಟೋ ವರ್ಷ ಮಾಡಿದ ಹಾಗೆಯೇ ಕೈ ಇಳಿಸಿದ. ಇಳಿಸಿದವನು ಹಾಗೇ ಎದ್ದುಬಿಟ್ಟ.

ನನಗೆ ಹೊಳೆಯದೇ ಇದ್ದದ್ದು ಇದು. ಆ ಗಟ್ಟಿ ಚರ್ಮ ಅವನಿಗೆ ರಕ್ಷೆಯಾಗಿತ್ತು. ಪೇಟೆಗೆ ಬಂದಾಗಿನಿಂದ ಬೆಂದು ಬೆಂದು ಬಂದದ್ದು ಒಂದು ಚಳಿಗಾಲದಲ್ಲಿ ಉದುರಿಹೋಗಿತ್ತು. ಈಗ ಅಲ್ಲಿದ್ದುದು ನಿಮ್ಮ ನಮ್ಮಂಥ ಕೈ. ಅವನು ಮತ್ತೆ ಕೂತ. ಹಟದಿಂದ ಕೆಲವು ದಿನ ಮಾಡಿದ. ಬೊಬ್ಬೆ ಎದ್ದವು, ಒಡೆದವು, ಒಡೆದದ್ದರ ಮೇಲೆ ಮತ್ತೆ ನೀರು. ನಾನು ರಬ್ಬರಿನ ಕೈಗವಸು ತಂದುಕೊಟ್ಟೆ. ಅದನ್ನು ಹಾಕಿಕೊಂಡರೆ ಕೂದಲಿಗಿಂತ ಸಣ್ಣ ಎಳೆ ಬೆರಳಿಗೆ ತಿಳಿಯುತ್ತಿರಲಿಲ್ಲ. ಬಲಗೈ ಊದಿಕೊಂಡು ಜ್ವರ ಬಂದಾಗ ಆಸ್ಪತ್ರೆಗೆ ಸೇರಿಸಿದೆವು. ಕೈ ಉಳಿಯಿತು, ಆದರೆ ಎರಡು ಬೆರಳು ಮಡಿಚದಂತಾದವು. ಹೆಬ್ಬೆರಳಿಗೆ ಆ ಎರಡನ್ನು ಕೂಡಿಸದೆ ಎಳೆ ಹಿಡಿಯಲಾಗದು.

ಆಸ್ಪತ್ರೆಯ ಜಗುಲಿಯಲ್ಲಿ ಕೂತಿದ್ದಾಗ ಅವನು ಹೇಳಿದ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಬೈಗುಳದ ದನಿಯಲ್ಲಲ್ಲ, ಸುಮ್ಮನೆ ಯೋಚಿಸಿ ಹೇಳಿದ. "ಮಾಡೋದಾದ್ರೆ ಪೂರ್ತಿ ಮಾಡ್ಬೇಕಾಗಿತ್ತು ಸಾರ್. ಇಲ್ಲಾಂದ್ರೆ ನನ್ನ ಸೌಟು ನನಗೆ ಬುಟ್ಬುಡಬೇಕಾಗಿತ್ತು."

ಅವನು ಊರಿಗೆ ಹೋಗಿ ಅಣ್ಣಂದಿರ ಕುರಿ ಮೇಯಿಸತೊಡಗಿದ, ಯಾವುದನ್ನು ಬೇಡವೆಂದು ಬಂದಿದ್ದನೋ ಅದನ್ನೇ.

ಸವಿತಾ, ಈಗ ರಾಮನಗರದಲ್ಲಿ ನೀನು ನೋಡಿದ ದೊಡ್ಡ ಯಂತ್ರಗಳು ತಾವೇ ಎಳೆ ಹುಡುಕುತ್ತವೆ. ಅವು ನನ್ನ ಕುಂಚಕ್ಕಿಂತ ಜಾಣ, ಒಪ್ಪುತ್ತೇನೆ. ಆದರೆ ಅವು ಓಡುತ್ತಿರುವುದಕ್ಕೆ ಆ ಜಾಣತನವೊಂದೇ ಕಾರಣವಲ್ಲ. ಇಂದು ಮರಿಹುಳುವನ್ನು ಸಾಕಿಯೇ ಕೊಡುವವರಿದ್ದಾರೆ, ರೈತರು ತಂಪಾದ ಹುಳುಮನೆ ಕಟ್ಟಿಕೊಂಡಿದ್ದಾರೆ, ಬಿಳಿ ಗೂಡಿಗೆ ಮಾರುಕಟ್ಟೆಯಲ್ಲಿ ಬೇರೆ ಬೆಲೆ ಇದೆ. ಇವೆಲ್ಲ ಕೂಡಿಕೊಳ್ಳಲು ನನ್ನ ನೌಕರಿಯ ಅವಧಿ ಪೂರ್ತಿ ಹಿಡಿಯಿತು. ಎಲ್ಲಿ ಅವು ಕೂಡಿಲ್ಲವೋ ಅಲ್ಲಿ ನೀನು ಕಂಡ ಹೆಂಗಸರು ಇನ್ನೂ ಕೂತಿದ್ದಾರೆ. ನಿನಗೆ ಯಾವುದಾದರೂ ಹೊಸದನ್ನು ಊರಿಗೆ ಒಯ್ದು ತೋರಿಸು ಎಂದರೆ, ಯಂತ್ರ ನೋಡುವ ಮೊದಲು ಅದು ಓಡಲು ಯಾರು ಯಾರು ಕೈ ಜೋಡಿಸಬೇಕು ಎಂದು ನೋಡು. ಅವರೆಲ್ಲ ಎರಡನೆಯ ವರ್ಷವೂ ಇರುತ್ತಾರೆಯೇ ಎಂದು ಕೇಳು. ನಾನು ಮೊದಲ ವರ್ಷವನ್ನಷ್ಟೇ ಕೇಳಿದ್ದೆ.

ಕನಕಪುರದಿಂದ ಮಾಗಡಿಗೆ ನನಗೆ ವರ್ಗವಾದಾಗ ಹೇಳಿ ಹೋಗೋಣವೆಂದು ಮಹದೇವಪ್ಪನವರಲ್ಲಿಗೆ ಹೋದೆ. ಅವರು ಕಾಫಿ ತರಿಸಿದರು. ಒಳಗೆ ಮೊದಲನೆಯ ಚರಕದ ಮುಂದೆ ಯಾರು ಕೂತಿದ್ದಾರೆಂದು ನೋಡಿದರೆ ಜಯಮ್ಮ. ಗಂಡನ ಜೊತೆ ಊರಿಗೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಕುರಿಯಿಂದ ಇಬ್ಬರ ಹೊಟ್ಟೆ ತುಂಬದೆಂದು ಅವಳೇ ಬಂದು ಆ ಜಾಗ ಕೇಳಿದಳಂತೆ. ಎಷ್ಟೋ ವರ್ಷ ಎದುರಿಗೆ ನಿಂತು ನೋಡಿದವಳಾದ್ದರಿಂದ ಕಲಿಸಬೇಕಾಗಲಿಲ್ಲ ಎಂದು ಮಹದೇವಪ್ಪನವರು ದನಿ ತಗ್ಗಿಸಿ ಹೇಳಿದರು.

ನಾನು ಹೋಗಿ ಅವಳ ಪಕ್ಕ ನಿಂತೆ. ಹಬೆಯಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕೆಂಪಣ್ಣ ಹೇಗಿದ್ದಾನೆ ಎಂದು ಕೇಳಿದೆ, ಚೆನ್ನಾಗವ್ನೆ ಎಂದಳು. ಬೆರಳುಗಳು ನೀರಿನೊಳಗೆ ಇಳಿದು ಏಳುತ್ತಿದ್ದವು, ಕೆಂಪಗೆ, ಇನ್ನೂ ಗಟ್ಟಿಯಾಗದೆ. ನಾನು ಏನೋ ಹೇಳಲು ಹೊರಟೆ. ಅವಳು ತಲೆ ಎತ್ತಲಿಲ್ಲ.

"ಮಾತಾಡಿಸ್ಬೇಡಿ ಸಾರ್," ಎಂದಳು, "ಎಳೆ ತಪ್ತದೆ."